ಕಾಯಕದ ಹಣಕ್ಕೆ ಕಾವಲು ಯಾರು?

ಕಲಬುರಗಿ ಸೀಮೆಯ ಒಕ್ಕಲು ಮನೆತನಗಳಿಗೆ ದೊಡ್ಡ ಮೊತ್ತದ ಹಣ ಕೈಸೇರುವುದು ವರ್ಷಕ್ಕೊಮ್ಮೆ, ತೊಗರಿ ರಾಶಿಯಾಗಿ ಮಾರುಕಟ್ಟೆ ಮುಟ್ಟಿದ ಮೇಲೆ. ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಗಳಿಕೆಯೂ ಫಸಲನ್ನೇ ನಂಬಿದೆ. ನಗರದ ನೌಕರರಿಗೆ ತಿಂಗಳ ಸಂಬಳವಿದೆ. ಅನೇಕ ತಾಯಂದಿರ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಹಣ ಬಂದ ಸುದ್ದಿ ತಿಳಿಯುತ್ತಲೇ ‘ಕೆಲವೇ ತಿಂಗಳಲ್ಲಿ ಇಮ್ಮಡಿ ಮಾಡಿಕೊಡುತ್ತೇವೆ’ ಎನ್ನುವವರೂ ಬಾಗಿಲಿಗೆ ಬರುತ್ತಾರೆ. ಆಗ ಬಡ್ಡಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಈ ಸಂಸ್ಥೆ ಯಾವ ಸರ್ಕಾರಕ್ಕೆ ಉತ್ತರದಾಯಿ ಎಂದು ಕೇಳುವವರು ವಿರಳ. ಹಣ ಉಳಿಯುವುದೂ ಮುಳುಗುವುದೂ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿದೆ.

ಆಡಳಿತದ ಹಂತಗಳು ನಮಗೆ ಅಪರಿಚಿತವಲ್ಲ. 2024-25ರಲ್ಲಿ ತೊಗರಿಗೆ ಕ್ವಿಂಟಲ್‌ಗೆ 7,550 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿದ್ದು ಕೇಂದ್ರ ಸರ್ಕಾರ. ಅದರ ಮೇಲೆ 450 ರೂಪಾಯಿ ಪ್ರೋತ್ಸಾಹಧನ ಘೋಷಿಸಿದ್ದು ರಾಜ್ಯ ಸರ್ಕಾರ. ಬೆಲೆಯ ಬಗ್ಗೆ ಅಹವಾಲು ಎಲ್ಲಿಗೆ, ಪ್ರೋತ್ಸಾಹಧನದ ಬಗ್ಗೆ ಎಲ್ಲಿಗೆ ಎಂಬುದನ್ನು ರೈತರು ಚೆನ್ನಾಗಿ ಬಲ್ಲರು. ಅದೇ ಎಚ್ಚರ ಉಳಿತಾಯದ ವಿಷಯದಲ್ಲಿಯೂ ಬೇಕು.

ಮೊದಲನೆಯದು ಕೇಂದ್ರದ ಹಂತ. ಅಂಚೆ ಕಚೇರಿಯ ಠೇವಣಿಗಳಿಗೆ ಭಾರತ ಸರ್ಕಾರದ ಭರವಸೆಯೇ ಇದೆ. ಬಡ್ಡಿ ದರವನ್ನು ಮೂರು ತಿಂಗಳಿಗೊಮ್ಮೆ ಕೇಂದ್ರ ಹಣಕಾಸು ಸಚಿವಾಲಯ ಪ್ರಕಟಿಸುತ್ತದೆ. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿವೆ. 2020ರ ಫೆಬ್ರುವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಅದಕ್ಕೂ ಮುನ್ನ ಅದು 1 ಲಕ್ಷ ಮಾತ್ರವಿತ್ತು. ಷೇರು ಮತ್ತು ಮ್ಯೂಚುವಲ್ ಫಂಡ್‌ಗಳನ್ನು ಸೆಬಿ ನೋಡಿಕೊಳ್ಳುತ್ತದೆ. ಆದರೆ ಸೆಬಿ ತಡೆಯುವುದು ವಂಚನೆಯನ್ನು. ಪೇಟೆಯ ಏರಿಳಿತದ ನಷ್ಟವನ್ನು ಯಾವ ಸರ್ಕಾರವೂ ತುಂಬಿಕೊಡುವುದಿಲ್ಲ.

ಎರಡನೆಯದು ರಾಜ್ಯದ ಹಂತ. ಪತ್ತಿನ ಸಹಕಾರ ಸಂಘಗಳು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ, ಸೌಹಾರ್ದಗಳು 1997ರ ಸೌಹಾರ್ದ ಕಾಯ್ದೆಯಡಿ ನೋಂದಣಿಯಾಗುತ್ತವೆ. ಚೀಟಿ ವ್ಯವಹಾರದ ಕಾಯ್ದೆ ಕೇಂದ್ರದ್ದು, ನೋಂದಣಿ ಮಾತ್ರ ರಾಜ್ಯದ ಅಧಿಕಾರಿಯಲ್ಲಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನವರು ನಾವು. ಸಹಕಾರ ತತ್ತ್ವದ ಮೇಲಿನ ಗೌರವ ಸಹಜ. ಆದರೆ ಸಹಕಾರ ಬ್ಯಾಂಕು ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ಬ್ಯಾಂಕಿನ ಠೇವಣಿಗೆ 5 ಲಕ್ಷದ ವಿಮೆಯಿದೆ, ಸಂಘದ ಠೇವಣಿಗೆ ಇಲ್ಲ. ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದ ಸಂಘ ‘ಬ್ಯಾಂಕ್’ ಎಂಬ ಪದವನ್ನು ಹೆಸರಿನಲ್ಲಿ ಬಳಸುವಂತಿಲ್ಲ.

ಈ ವ್ಯತ್ಯಾಸದ ಬೆಲೆ ಏನೆಂಬುದಕ್ಕೆ ಬೆಂಗಳೂರಿನ ನಿದರ್ಶನವಿದೆ. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಗ್ರಾಹಕರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಯೇ ಇಟ್ಟಿದ್ದ ಹಿರಿಯರು ಬೀದಿಗಿಳಿದರು. ಅದು ಬ್ಯಾಂಕಾಗಿದ್ದುದರಿಂದ, 2021ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿಯಾದ ಬಳಿಕ, 5 ಲಕ್ಷದ ಮಿತಿಯೊಳಗಿನ ಹಣಕ್ಕೆ ದಾರಿಯಾಯಿತು. ಅದಕ್ಕೂ ಮೀರಿ ಇಟ್ಟವರ ಕಾಯುವಿಕೆ ದೀರ್ಘವಾಯಿತು. ಒಂದೇ ಕಡೆ ಸರ್ವಸ್ವವನ್ನೂ ಇಡಬಾರದೆಂಬುದು ಇಲ್ಲಿನ ಪಾಠ.

ಮೂರನೆಯದು ಸ್ಥಳೀಯ ಹಂತ. ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಮಹಾನಗರ ಪಾಲಿಕೆಯೋ ಗ್ರಾಮ ಪಂಚಾಯಿತಿಯೋ ಕೊಡುವ ವ್ಯಾಪಾರ ಪರವಾನಗಿ ಅಂಗಡಿ ತೆರೆಯಲು ಕೊಟ್ಟ ಒಪ್ಪಿಗೆಯಷ್ಟೆ. ಜನರಿಂದ ಠೇವಣಿ ಪಡೆಯಲು ಕೊಟ್ಟ ಅಧಿಕಾರವಲ್ಲ. ಗೋಡೆಗೆ ತೂಗುಹಾಕಿದ ಜಿಎಸ್‌ಟಿ ಪ್ರಮಾಣಪತ್ರವೂ ಹಾಗೆಯೇ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು: ಉದ್ಘಾಟನೆಗೆ ಬಂದ ಪೂಜ್ಯರ, ಜನಪ್ರತಿನಿಧಿಗಳ ಭಾವಚಿತ್ರಗಳು ಠೇವಣಿಗೆ ಜಾಮೀನಾಗಲಾರವು. ಗುರುವಿನ ಮೇಲಿನ ಭಕ್ತಿ ಬೇರೆ, ಲೆಕ್ಕಪತ್ರದ ಪರಿಶೀಲನೆ ಬೇರೆ.

ಇನ್ನು ಉಳಿತಾಯದ ಕ್ರಮ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲವೆಂದರೆ ವರ್ಷಕ್ಕೆ ಶೇ 36. ಶೇ 7ರ ಆಸುಪಾಸಿನ ಠೇವಣಿ ಇಟ್ಟುಕೊಂಡು ಅಂಥ ಸಾಲವನ್ನು ಬೆಳೆಯಲು ಬಿಡುವುದು ತೂತು ಬಿದ್ದ ಕಣಜಕ್ಕೆ ಕಾಳು ಸುರಿದಂತೆ. ಆದ್ದರಿಂದ ಮೊದಲು ದುಬಾರಿ ಸಾಲ ತೀರಲಿ. ಸಾಲ ವಸೂಲಿಯ ಹೆಸರಿನಲ್ಲಿ ಕಿರುಕುಳವಾದರೆ ಅದನ್ನು ತಡೆಯಲೆಂದೇ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ. ಪೊಲೀಸ್ ಠಾಣೆಗೆ ದೂರು ಕೊಡಲು ಅಂಜಬೇಕಿಲ್ಲ. ಬಳಿಕ ಆರು ತಿಂಗಳ ಮನೆಖರ್ಚಿನಷ್ಟು ಹಣ ಬೇಕೆಂದಾಗ ಸಿಗುವಂತೆ ಇರಲಿ. ಮಳೆಯನ್ನೇ ನಂಬಿದ ಮನೆಗೆ, ಸಾಧ್ಯವಾದರೆ, ಮುಂದಿನ ರಾಶಿಯವರೆಗೆ ಸಾಲುವಷ್ಟು. ಅದಾದ ಮೇಲೆಯೇ ಮಕ್ಕಳ ವಿದ್ಯೆ, ವೃದ್ಧಾಪ್ಯಗಳಿಗಾಗಿ ದೀರ್ಘಕಾಲದ ಹೂಡಿಕೆ. ಗೃಹಲಕ್ಷ್ಮಿಯ ಹಣದಲ್ಲಿ ತಿಂಗಳಿಗೆ 500 ರೂಪಾಯಿ ಅಂಚೆ ಕಚೇರಿಯ ಆರ್‌ಡಿಗೆ ಕಟ್ಟಿದರೆ, ಶೇ 6.7ರ ದರದಲ್ಲಿ ಐದು ವರ್ಷಕ್ಕೆ ಸುಮಾರು 35,700 ರೂಪಾಯಿ ಆಗುತ್ತದೆ. ಮೊತ್ತ ಸಣ್ಣದಿರಬಹುದು, ಆದರೆ ಬಿತ್ತನೆಯ ಕಾಲಕ್ಕೆ ಮತ್ತೊಬ್ಬರ ಮುಂದೆ ಕೈಚಾಚುವುದನ್ನು ಅದು ತಪ್ಪಿಸಬಲ್ಲದು.

ವಂಚನೆ ಆಗಿಹೋದರೆ ದಾರಿ ಇಲ್ಲವೆಂದಲ್ಲ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆ, ಠೇವಣಿದಾರರ ಹಿತರಕ್ಷಣೆಯ 2004ರ ರಾಜ್ಯ ಕಾಯ್ದೆ ಎರಡೂ ಇವೆ. ರಾಜ್ಯ ಸರ್ಕಾರ ನೇಮಿಸುವ ಸಕ್ಷಮ ಪ್ರಾಧಿಕಾರವು ಆಸ್ತಿಯನ್ನು ಜಪ್ತಿ ಮಾಡಿಸಬಲ್ಲದು. ಅಕ್ರಮ ಠೇವಣಿಯ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ದೂರಬಹುದು. ಮೊಬೈಲ್ ಮೂಲಕ ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಆದರೆ ಜಪ್ತಿಯಾದ ಆಸ್ತಿ ಹರಾಜಾಗಿ ಹಣ ಮರಳುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ.

ಆದಕಾರಣ ಹಣ ಕೊಡುವ ಮೊದಲೇ ಮೂರು ಪ್ರಶ್ನೆ ಕೇಳೋಣ. ನಿಮ್ಮ ನೋಂದಣಿ ಯಾವ ಕಾಯ್ದೆಯಡಿ? ನಿಮ್ಮ ಮೇಲೆ ಅಧಿಕಾರವಿರುವ ಕಚೇರಿ ಯಾವುದು? ಈ ಹಣಕ್ಕೆ ವಿಮೆ ಇದೆಯೇ? ಪ್ರಾಮಾಣಿಕ ಸಂಸ್ಥೆ ಇವುಗಳಿಗೆ ಕಾಗದ ತೋರಿಸಿ ಉತ್ತರಿಸುತ್ತದೆ. ಮುನಿಸಿಕೊಂಡು ಮಾತು ತೇಲಿಸುವಲ್ಲಿಂದ ಎದ್ದು ಬರುವುದೇ ಲೇಸು. ಸತ್ಯಶುದ್ಧ ಕಾಯಕದಿಂದ ಬಂದ ಹಣವು ಮನೆಗೂ ಮಕ್ಕಳಿಗೂ ದಾಸೋಹಕ್ಕೂ ಸಲ್ಲಬೇಕಾದದ್ದು. ಅದನ್ನು ಎಚ್ಚರದಿಂದ ಕಾಯುವುದೂ ಕಾಯಕದ ಒಂದು ಭಾಗವೇ ಆಗಿದೆ.