ಅಜ್ಜನ ಹೊಸ ಕಣ್ಣು, ರಾತ್ರಿಯ ಹಳೆ ದಾರಿ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ. ಅಜ್ಜ-ಅಜ್ಜಿಯರೂ ಹತ್ತಿರ ಬನ್ನಿ, ಇದು ನಮ್ಮ ವಯಸ್ಸಿನವರ ಕಣ್ಣಿನ ಸುದ್ದಿ.

ಯಲ್ಲಾಪುರದಲ್ಲಿ ನೆಂಟರ ಮನೆಯ ಉಪನಯನ ಮುಗಿಸಿ ಶಿರಸಿಗೆ ಹೊರಟಾಗ ಕತ್ತಲಾಗಿತ್ತು. ಕಾರು ಓಡಿಸುತ್ತಿದ್ದವನು ನಾನು. ಪಕ್ಕದಲ್ಲಿ ಆರನೇ ತರಗತಿಯ ಮೊಮ್ಮಗಳು. ಎರಡು ತಿಂಗಳ ಹಿಂದಷ್ಟೇ ನನ್ನ ಬಲಗಣ್ಣಿನ ಪೊರೆ ತೆಗೆದು ಹೊಸ ಮಸೂರ ಕೂರಿಸಿದ್ದರು. ಮಂಚಿಕೇರಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಅದರ ದೀಪಗಳು ಎಳೆಎಳೆಯಾಗಿ ಚೆಲ್ಲಿ, ಸುತ್ತಲೂ ಬಳೆ ಬರೆದಂತೆ ಹರಡಿದವು. ರಸ್ತೆಯ ಅಂಚೇ ಮಾಯ! ಎಡಗಡೆಯ ಚಕ್ರ ಮಣ್ಣಿಗಿಳಿದು ಕಾರು ಕುಲುಕಿತು.

"ಅಜ್ಜ, ನಿಂಗೆ ಕಾಣ್ತಿಲ್ಲೆ ಅಲ್ದಾ?" ಎಂದಳು ಕೂಸು.

"ಕಾಣ್ತು, ಕಾಣ್ತು" ಎಂದೆ. ಅದು ಸುಳ್ಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನಗೇ ಹೆದರಿಕೆಯಾಗಿ, ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿ ಮಗನಿಗೆ ಫೋನು ಮಾಡಿದೆ. ಅವನು ಗೆಳೆಯನ ಬೈಕಿನಲ್ಲಿ ಬಂದು ನಮ್ಮನ್ನು ಮನೆ ಮುಟ್ಟಿಸಿದ.

ಹಗಲಿನಲ್ಲಿ ಇದೇ ಕಣ್ಣು ಎಷ್ಟು ಚೆನ್ನಾಗಿತ್ತು ಗೊತ್ತೇ? ಚಾಲಿ ಆರಿಸುವಾಗ ಕೋಕ ಯಾವುದು, ಬಿಳಿಗೋಟು ಯಾವುದು ಎಂದು ಬೇರೆಯವರನ್ನು ಕೇಳುತ್ತಿದ್ದವನು ಈಗ ನಾನೇ ಆರಿಸುತ್ತಿದ್ದೆ. ಎಡಗಣ್ಣಿನಿಂದ ನೋಡಿದರೆ ನನ್ನ ಪಂಚೆ ಚಹಾದಲ್ಲಿ ಅದ್ದಿದ ಹಾಗೆ. ಬಲಗಣ್ಣಿನಿಂದ ನೋಡಿದರೆ ಈಗ ತಾನೇ ಒಗೆದ ಹಾಗೆ! ಹಾಗಾದರೆ ರಾತ್ರಿ ಆದದ್ದೇನು?

ಕಣ್ಣಿನೊಳಗೆ ಹುಟ್ಟಿನಿಂದಲೇ ಒಂದು ಪಾರದರ್ಶಕ ಮಸೂರ ಇರುತ್ತದೆ. ವಯಸ್ಸಾದಂತೆ ಅದು ಹಳದಿಯಾಗಿ, ಮಬ್ಬಾಗುತ್ತದೆ. ಅದೇ ಪೊರೆ. ನಮ್ಮ ಕಾಲದ ಹಿರಿಯರಿಗೆ ಮಸೂರ ತೆಗೆದ ಮೇಲೆ ಬದಲಿಗೆ ಏನನ್ನೂ ಇಡುತ್ತಿರಲಿಲ್ಲ. ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕವೇ ಗತಿ. ನಮ್ಮ ಬೀಳಗಿಯವರಾದ ಡಾ. ಎಂ. ಸಿ. ಮೋದಿ ಊರೂರಿನಲ್ಲಿ ಶಿಬಿರ ನಡೆಸಿ ಲಕ್ಷಾಂತರ ಬಡವರ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. ಅತ್ತ ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲೆ, ಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳು ಅಷ್ಟಾಗಿ ತೊಂದರೆ ಕೊಡದೆ ಉಳಿದದ್ದನ್ನು ಗಮನಿಸಿದರು. ಅಂಥದೇ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ 1949ರ ನವೆಂಬರ್ 29ರಂದು ಮೊದಲ ಬಾರಿಗೆ ರೋಗಿಯ ಕಣ್ಣೊಳಗೆ ಇಟ್ಟರು. ನನ್ನ ಬಲಗಣ್ಣಿನ ಬೆಳಕಿಗೆ ಬೇರು ಅಲ್ಲಿದೆ.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಹೇಳಿದ್ದು ಇಷ್ಟು. ಕತ್ತಲಲ್ಲಿ ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಆಗ ಬೆಳಕು ಹೊಸ ಮಸೂರದ ಅಂಚಿಗೂ ತಾಗಿ ಚದುರಬಹುದು. ಹೆಚ್ಚಿನವರಿಗೆ ಇದು ದಿನ ಕಳೆದಂತೆ ಕಡಿಮೆಯಾಗುತ್ತದೆ. ಆದರೆ ನನ್ನ ಎಡಗಣ್ಣಿನಲ್ಲಿ ಪೊರೆ ಹಾಗೇ ಇದೆ, ಲಾರಿಯ ದೀಪವನ್ನು ಚೆಲ್ಲಾಡಿಸಿದ್ದು ಮುಖ್ಯವಾಗಿ ಅದು. ಮೇಲಾಗಿ ಬಲಗಣ್ಣಿಗೆ ಸಣ್ಣ ನಂಬರಿನ ಕನ್ನಡಕ ಬೇಕಿತ್ತು. ತಿಂಗಳ ನಂತರ ಬನ್ನಿ ಎಂದಿದ್ದರೂ "ಚೆನ್ನಾಗಿ ಕಾಣ್ತಿದೆಯಲ್ಲ" ಎಂದು ನಾನೇ ಹೋಗಿರಲಿಲ್ಲ.

ಮಸೂರದಲ್ಲೂ ಬಗೆಗಳಿವೆ. ನನ್ನದು ದೂರಕ್ಕೆ ಹೊಂದಿಸಿದ್ದು, ಓದಲು ಕನ್ನಡಕ ಬೇಕು. ಸಿದ್ದಾಪುರದ ನನ್ನ ಭಾವನದು ದೂರಕ್ಕೂ ಹತ್ತಿರಕ್ಕೂ ಬೆಳಕನ್ನು ಹಂಚುವ ಮಸೂರ. ಅವನು ಕನ್ನಡಕವಿಲ್ಲದೆ ಪೇಪರು ಓದುತ್ತಾನೆ. ಆದರೆ ರಾತ್ರಿ ದೀಪದ ಸುತ್ತ ಬಳೆ ಕಾಣುವುದು ಅಂಥವರಿಗೇ ಹೆಚ್ಚು. ರಾತ್ರಿ ಗಾಡಿ ಓಡಿಸುವವರು ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಹಿರಿಯರಿಗೆ ಇನ್ನೆರಡು ಮಾತು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಬ್ಬಾದರೆ ಪೊರೆ ಪುನಃ ಬೆಳೆಯಿತು ಎಂದು ಹೆದರಬೇಡಿ. ಮಸೂರದ ಹಿಂದಿನ ತೆಳು ಚೀಲ ಮಸುಕಾಗಿರಬಹುದು. ಲೇಸರಿನಿಂದ ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ. ಆದರೆ ಇದ್ದಕ್ಕಿದ್ದಂತೆ ಕಣ್ಣೊಳಗೆ ಮಿಂಚು ಹೊಡೆದರೆ, ಕಪ್ಪು ಚುಕ್ಕಿಗಳ ಮಳೆ ಬಂದರೆ, ಪರದೆ ಎಳೆದಂತಾದರೆ ಅಥವಾ ನೋವಾಗಿ ದೃಷ್ಟಿ ಕಡಿಮೆಯಾದರೆ ನಾಳೆ ನೋಡುವಾ ಎನ್ನಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಮಕ್ಕಳೇ, ನಿಮಗೊಂದು ಪ್ರಯೋಗ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಕೈ ಒರೆಸಿ. ಕತ್ತಲ ಕೋಣೆಯ ಆ ತುದಿಯಲ್ಲಿ ಟಾರ್ಚು ಹಚ್ಚಿಟ್ಟು, ಹಾಳೆಯ ಮೂಲಕ ನೋಡಿ. ಪೊರೆ ಬಂದ ಕಣ್ಣಿನ ರಾತ್ರಿ ಹೀಗಿರುತ್ತದೆ. ಹಾಗೆಯೇ ಕಾರಿನ ಎದುರಿನ ಗಾಜನ್ನೂ ಅಜ್ಜನ ಕನ್ನಡಕವನ್ನೂ ಒರೆಸಿಕೊಡಿ. ಅವುಗಳ ಮೇಲಿನ ಜಿಡ್ಡೂ ಇದೇ ಕೆಲಸ ಮಾಡುತ್ತದೆ.

ಈಗ ನಮ್ಮ ಮನೆಯಲ್ಲೊಂದು ಕಟ್ಟಳೆ. ದೇವರಿಗೆ ದೀಪ ಹಚ್ಚಿದ ಮೇಲೆ ಕಾರಿನ ಕೀಲಿ ಮೊಮ್ಮಗಳ ಕಂಪಾಸ್ ಬಾಕ್ಸಿಗೆ ಹೋಗುತ್ತದೆ. ಮಳೆಗಾಲ ಕಳೆದ ಮೇಲೆ ನನ್ನ ಎಡಗಣ್ಣಿನ ಸರದಿ. ಆಮೇಲೂ ಡಾಕ್ಟರು ಹೂಂ ಎನ್ನಬೇಕು, ಕೂಸೂ ಹೂಂ ಎನ್ನಬೇಕು. ಅಲ್ಲಿಯವರೆಗೆ ದೇವಿಮನೆ ಘಟ್ಟವಿರಲಿ, ಅರಬೈಲ್ ಘಟ್ಟವಿರಲಿ, ರಾತ್ರಿ ನಾನು ಪಕ್ಕದ ಸೀಟಿನವನು.

ನಿಮ್ಮ ಅಜ್ಜನೂ "ಕಾಣ್ತು, ಕಾಣ್ತು" ಎಂದರೆ ಸುಮ್ಮನಿರಬೇಡಿ. ಇನ್ನೊಮ್ಮೆ ಕೇಳಿ. ಅಂದು ಅವಳು ಕೇಳಿದ್ದಕ್ಕೇ ನಾನು ಕಾರು ನಿಲ್ಲಿಸಿದ್ದು.