ಹೆಸರು ಗೊತ್ತಿಲ್ಲದ ನೆರೆಯವರು



ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ನಮ್ಮ ದೇವಾಲಯದ ಆವರಣಕ್ಕೆ ಹಾವೊಂದು ಬಂತು. ಪೂಜೆ ಮುಗಿಸಿ ಹೊರಬಂದವರು ಕಲ್ಲು, ದೊಣ್ಣೆ ಹಿಡಿದರು. ಹನ್ನೆರಡು ವರ್ಷದ ಬಾಲಕನೊಬ್ಬ ಕೊನೆಯ ಏಟು ಕೊಟ್ಟ. ಹಿರಿಯರು ಅವನ ಬೆನ್ನು ತಟ್ಟಿದರು. ಸತ್ತದ್ದು ಕೇರೆ ಹಾವು. ವಿಷವಿಲ್ಲದ, ಇಲಿಗಳನ್ನು ತಿಂದು ರೈತನಿಗೆ ನೆರವಾಗುವ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯುಳ್ಳ ಜೀವಿ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಸುಮ್ಮನೆ ನಿಂತಿದ್ದೆ. ಈ ಲೇಖನವನ್ನು ಆ ಮೌನಕ್ಕೆ ನಾನು ತೆರುತ್ತಿರುವ ದಂಡವೆಂದೇ ತಿಳಿಯಿರಿ.

ಬಾಲಕನನ್ನು ನಾನು ದೂರುವುದಿಲ್ಲ. ಆಫ್ರಿಕಾದ ಸಿಂಹವನ್ನೂ ಜಿರಾಫೆಯನ್ನೂ ಅವನು ಟಿ.ವಿ.ಯಲ್ಲಿ ಕಂಡು ಬಲ್ಲ. ಹಿತ್ತಿಲಿನ ಹಾವನ್ನು ಅವನಿಗೆ ಪರಿಚಯಿಸಿದವರಾರು? ತಂದೆತಾಯಿಗಳಾದ ನೀವಲ್ಲ, ಗುರುಗಳಾದ ನಾವೂ ಅಲ್ಲ.

ನಮ್ಮ ವಿಹಾರಗಳನ್ನೇ ನೋಡಿ. ರಜೆ ಬಂದೊಡನೆ ಕಾಡಿನಂಚಿನ ರೆಸಾರ್ಟಿಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ. ಜೀಪಿನಲ್ಲಿ ಎರಡು ಗಂಟೆ ಅಲೆದು, ಹುಲಿ ಸಿಗದಿದ್ದರೆ ‘ಏನೂ ಕಾಣಲಿಲ್ಲ’ ಎಂದು ಗೊಣಗುತ್ತಾ ಮರಳುತ್ತೇವೆ. ಧರ್ಮಕೇಂದ್ರದ ವಾರ್ಷಿಕ ಪ್ರವಾಸವೂ ಇದಕ್ಕಿಂತ ಮೇಲಲ್ಲ: ಮರದಡಿಯಲ್ಲಿ ಧ್ವನಿವರ್ಧಕ, ಬಿರಿಯಾನಿ, ಪ್ಲಾಸ್ಟಿಕ್ ತಟ್ಟೆಗಳ ರಾಶಿ. ಇದನ್ನು ಕಾಡಿನ ಪರಿಚಯವೆನ್ನಲು ನಾನು ಒಪ್ಪಲಾರೆ.

ಏನೂ ಕಾಣಲಿಲ್ಲವೇ? ಮಾವಿನ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯನ್ನು ನೋಡಿದಿರಾ? ತನ್ನ ಮರಿಹುಳುವನ್ನೇ ಬಾಯಲ್ಲಿ ಹಿಡಿದು, ಅದು ಸೂಸುವ ರೇಷ್ಮೆಯೆಳೆಯಿಂದ ಎಲೆಗೆ ಎಲೆ ಬೆಸೆಯುತ್ತದೆ ಅದು. ಪುಡಿಮಣ್ಣಿನಲ್ಲಿ ಆಲಿಕೆಯಂಥ ಕುಳಿ ತೋಡಿ, ಜಾರಿ ಬೀಳುವ ಇರುವೆಗಾಗಿ ತಳದಲ್ಲಿ ಕಾಯುವ ಹುಳುವನ್ನು ಕಂಡಿರಾ? ಮುಂದೊಂದು ದಿನ ಅದೇ ಹುಳುವಿಗೆ ರೆಕ್ಕೆ ಮೂಡುತ್ತದೆ. ದಾಂಡೇಲಿಯ ಕಾಡಿನ ಮಂಗಟ್ಟೆ ಹಕ್ಕಿಯ ಸಂಸಾರವಂತೂ ನಮ್ಮ ಮನೆಗಳಿಗೇ ಪಾಠ. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನ ಮೂಲಕ ಗಂಡು ವಾರಗಟ್ಟಲೆ ಹಣ್ಣು ತಂದು ತಾಯಿಗೂ ಮರಿಗಳಿಗೂ ಉಣಿಸುತ್ತದೆ.

‘ಕಾಡಿನಲ್ಲಿ ಅಪಾಯವಿದೆ, ಫಾದರ್’ ಎನ್ನುತ್ತೀರಿ. ಇದೆ, ನಾನು ಅಲ್ಲಗಳೆಯುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಅದರ ಹಾವಳಿ ಹೆಚ್ಚಿರುವ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಯಿಲೆ ಕಂಡ ಕಾಡುಗಳಿಗೆ ಮಕ್ಕಳನ್ನು ಕರೆದೊಯ್ಯಬೇಡಿ. ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗಬೇಡಿ. ಆದರೆ ಅಪಾಯಕ್ಕೆ ಮದ್ದು ಅರಿವೇ ಹೊರತು ಅಜ್ಞಾನವಲ್ಲ. ನಾಗರ, ಕೊಳಕುಮಂಡಲಗಳನ್ನು ಗುರುತಿಸಬಲ್ಲ ಮಗು ದೂರ ಸರಿಯುತ್ತದೆ. ಗುರುತಿಸಲಾರದ ಮಗು ಕಂಡದ್ದನ್ನೆಲ್ಲ ಬಡಿಯಹೊರಟು, ತಾನೇ ಕಡಿತಕ್ಕೆ ಒಳಗಾಗುತ್ತದೆ.

‘ಪರೀಕ್ಷೆ, ಟ್ಯೂಷನ್, ಸಮಯವೆಲ್ಲಿ?’ ಎನ್ನುತ್ತೀರಿ. ಮೊಬೈಲಿಗೆ ಸಿಕ್ಕ ಸಮಯ ಮರಕ್ಕೆ ಸಿಗದೆ? ತಿಂಗಳಿಗೆ ಒಂದು ಮುಂಜಾನೆ ಸಾಕು. ಊರ ಹೊರಗಿನ ತೋಪಿಗೋ ಕೆರೆಯಂಚಿನ ಮರಗಳಿಗೋ ನಡೆದು ಹೋಗಿ. ಹತ್ತು ನಿಮಿಷ ಎಲ್ಲರೂ ಮಾತಿಲ್ಲದೆ ಕುಳಿತು, ಕೇಳಿದ ದನಿಗಳನ್ನು ಎಣಿಸಿ. ಉದುರಿದ ಎಲೆಗಳನ್ನು ಕೂಡಿಸಿ ಮರಗಳ ಹೆಸರು ಕಲಿಯಿರಿ. ಕೆಸರಿನ ಹೆಜ್ಜೆಗುರುತು ಯಾರದೆಂದು ಊಹಿಸಿ. ನಿಮಗೆ ತಿಳಿಯದಿದ್ದರೆ ಅಜ್ಜಿಯನ್ನು, ದನ ಕಾಯುವವರನ್ನು ಕೇಳಿ. ಮಕ್ಕಳ ಮುಂದೆ ‘ನನಗೆ ಗೊತ್ತಿಲ್ಲ, ಕೇಳಿ ತಿಳಿಯೋಣ’ ಎನ್ನುವುದರಲ್ಲಿ ಅವಮಾನವಿಲ್ಲ.

ಇದು ಓದುಬಲ್ಲವರ ವಿಲಾಸವೆಂದು ತಳ್ಳಿಹಾಕುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬರಲಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳಲ್ಲೇ ಮರಿ ಮಾಡುತ್ತವೆ. ರೈತ ಕುಟುಂಬಗಳು ತಲೆಮಾರುಗಳಿಂದ ಅವುಗಳನ್ನು ಕಾಪಾಡಿ, ಬೀಳುವ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸಿವೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಸರ್ಕಾರದ ಘೋಷಣೆ ಬಂದದ್ದು ಆಮೇಲೆ. ಹಕ್ಕಿಗಳ ಪರಿಚಯ ಮನೆಮನೆಯಲ್ಲಿ ಅದಕ್ಕೂ ಮೊದಲೇ ಇತ್ತು.

ಸೃಷ್ಟಿಯನ್ನು ಕಾಪಾಡಿರೆಂದು ನಾನು ಎಷ್ಟೋ ಬಾರಿ ಪ್ರಬೋಧನೆ ಮಾಡಿದ್ದೇನೆ. ಹೆಸರೇ ಗೊತ್ತಿಲ್ಲದ ನೆರೆಯವರನ್ನು ಪ್ರೀತಿಸಿರೆಂದರೆ ಮಕ್ಕಳು ಹೇಗೆ ಪ್ರೀತಿಸಿಯಾರು? ಮೊದಲು ಪರಿಚಯ ಮಾಡಿಸೋಣ. ಆ ಬಾಲಕನ ಮನೆಗೆ ಹೋಗಿ, ಮುಂದಿನ ಶನಿವಾರ ಬೆಳಿಗ್ಗೆ ತೋಪಿಗೆ ನನ್ನೊಡನೆ ಬರುವೆಯಾ ಎಂದು ಕೇಳಿದ್ದೇನೆ. ತಂದೆಯನ್ನೂ ಕರೆತರುತ್ತೇನೆ ಎಂದಿದ್ದಾನೆ. ನೀವು ನಿಮ್ಮ ಮಕ್ಕಳನ್ನು ಎಂದು ಕರೆದೊಯ್ಯುವಿರಿ?