ನಕ್ಷತ್ರಗಳ ಚಿತ್ರಕ್ಕೆ ದೂರದರ್ಶಕವೇ ಬೇಕೆ?

"ಮಗನಿಗೆ ನಕ್ಷತ್ರಗಳ ಫೋಟೋ ತೆಗೆಯುವ ಹುಚ್ಚು ಹಿಡಿದಿದೆ, ಯಾವ ದೂರದರ್ಶಕ ಕೊಡಿಸಲಿ ಸಾರ್?" ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಪ್ರತಿವರ್ಷ ಕೇಳುತ್ತಾರೆ. ಯಾವುದೂ ಬೇಡವೆಂಬುದೇ ನನ್ನ ಉತ್ತರ. ಇದನ್ನು ಕೇಳಿ ಮೇಷ್ಟ್ರಿಗೆ ಜಿಪುಣತನ ಇನ್ನೂ ಹೋಗಿಲ್ಲವೆಂದು ಕೆಲವರು ನಗುವುದುಂಟು. ಆದುದರಿಂದ ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ.

ಅಗ್ಗದ ದೂರದರ್ಶಕಗಳ ಪೆಟ್ಟಿಗೆಯ ಮೇಲೆ ಐನೂರು ಪಟ್ಟು ವರ್ಧನೆಯೆಂದು ಅಚ್ಚಾಗಿರುತ್ತದೆ. 60 ಮಿ.ಮೀ. ಮಸೂರದಿಂದ ಸುಮಾರು 120 ಪಟ್ಟಿನ ಆಚೆಗೆ ದೊರೆಯುವುದು ಮಸುಕು ಮಾತ್ರ. ಜೊತೆಗೆ, ಅದರ ಕಾಲುಗಳು ಗಾಳಿ ಬೀಸಿದರೂ ನಡುಗುತ್ತವೆ. ಒಂದೇ ತಿಂಗಳಲ್ಲಿ ಅದು ಅಟ್ಟ ಸೇರುತ್ತದೆ. ಅದರೊಡನೆ ಹುಡುಗನ ಕುತೂಹಲವೂ ಅಟ್ಟ ಸೇರುತ್ತದೆಂಬುದು ನನ್ನ ಚಿಂತೆ. ಹಣ ಹೋದರೆ ಮತ್ತೆ ಗಳಿಸಬಹುದು.

ಛಾಯಾಗ್ರಹಣಕ್ಕೆ ಬೇಕಾದುದು ವರ್ಧನೆಯಲ್ಲ, ಬೆಳಕಿನ ಸಂಗ್ರಹ. 1850ರಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಬಾಂಡ್ ಮತ್ತು ವಿಪ್ಪಲ್ ಅಭಿಜಿತ್ ನಕ್ಷತ್ರದ ಚಿತ್ರವನ್ನು ಮೊದಲ ಬಾರಿಗೆ ಸೆರೆಹಿಡಿದಾಗ 15 ಇಂಚಿನ ಮಹಾ ದೂರದರ್ಶಕವೇ ಬೇಕಾಯಿತು. ಇಂದು ಯಾರೋ ಬಳಸಿ ಬಿಟ್ಟ ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಅದಕ್ಕಿಂತ ಎಷ್ಟೋ ಮಂಕಾದ ನಕ್ಷತ್ರಗಳನ್ನು ಕೆಲವೇ ಸೆಕೆಂಡುಗಳಲ್ಲಿ ಹಿಡಿಯುತ್ತದೆ. ಅಂಥದೊಂದು ಕ್ಯಾಮೆರಾ, ಅದರೊಡನೆ ಬಂದ ಮಾಮೂಲಿ ಲೆನ್ಸು, ಅಲುಗಾಡದ ಒಂದು ಟ್ರೈಪಾಡ್ ಇದ್ದರೆ ಆರಂಭಕ್ಕೆ ಸಾಕು.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಬಹಳ ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಗೆರೆಗಳಾಗುತ್ತವೆ. 18 ಮಿ.ಮೀ. ಲೆನ್ಸಿನಲ್ಲಿ 15 ಸೆಕೆಂಡು, 50 ಮಿ.ಮೀ.ನಲ್ಲಿ 5 ಸೆಕೆಂಡು ಸುರಕ್ಷಿತ ಮಿತಿ. ಅಷ್ಟು ಅಲ್ಪಾವಧಿಯ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ತುಂಬಿರುತ್ತದೆ. ಇಲ್ಲಿ ನಮ್ಮ ವರ್ಗಮೂಲ ನೆರವಿಗೆ ಬರುತ್ತದೆ: 16 ಚಿತ್ರಗಳ ಸರಾಸರಿ ತೆಗೆದರೆ ಗದ್ದಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, 64 ತೆಗೆದರೆ ಎಂಟನೆಯ ಒಂದು ಭಾಗಕ್ಕೆ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳು ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತವೆ. ಒಂಬತ್ತನೆಯ ತರಗತಿಯಲ್ಲಿ ವರ್ಗಮೂಲದಿಂದ ಏನು ಪ್ರಯೋಜನವೆಂದು ಕೇಳಿದವರು ಇದನ್ನು ಓದುತ್ತಿದ್ದಾರೆಂದು ಭಾವಿಸುತ್ತೇನೆ! ಕೆಲವು ಮೊಬೈಲುಗಳೂ ರಾತ್ರಿಯ ಚಿತ್ರಕ್ಕೆ ಇದೇ ಉಪಾಯ ಹೂಡುತ್ತವೆ. ಆದರೆ ಚಂದ್ರನ ಮುಖವನ್ನು ತಾವೇ ತಿದ್ದಿ ತೀಡುವ ಮೊಬೈಲುಗಳನ್ನು ನಾನು ಒಪ್ಪುವುದಿಲ್ಲ.

ಇನ್ನೂ ಉತ್ಸಾಹವಿದ್ದರೆ ಎರಡು ಹಲಗೆಗಳನ್ನು ಬಾಗಿಲ ಬಿಜಾಗರಿಯಿಂದ ಜೋಡಿಸಿ, ಬಿಜಾಗರಿಯಿಂದ 229 ಮಿ.ಮೀ. ದೂರದಲ್ಲಿ, ಸುತ್ತಿಗೆ ಒಂದು ಮಿ.ಮೀ. ಏರುವ ಬೋಲ್ಟನ್ನು ಕೂರಿಸಬೇಕು. ಬಿಜಾಗರಿಯ ಅಕ್ಷ ಧ್ರುವನಕ್ಷತ್ರದ ಕಡೆಗಿರಲಿ. ಬೋಲ್ಟನ್ನು ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆಯ ಮೇಲಿರುವ ಕ್ಯಾಮೆರಾ ಆಕಾಶವನ್ನೇ ಹಿಂಬಾಲಿಸುತ್ತದೆ. ಧ್ರುವನಕ್ಷತ್ರದ ಎತ್ತರ ಆಯಾ ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ಬೆಂಗಳೂರಿನಲ್ಲಿ 13 ಡಿಗ್ರಿ, ಎಂದರೆ ಚಾಚಿದ ಕೈಯ ಒಂದೂಕಾಲು ಮುಷ್ಟಿಯಷ್ಟು. ಬೀದರಿನವರಿಗೆ ಸುಮಾರು 18 ಡಿಗ್ರಿ. ಉತ್ತರಕ್ಕೆ ಮರವೋ ಮನೆಯೋ ಇದ್ದರೆ ಅದು ಕಾಣಿಸದು.

ಉಳಿದ ಹಣವನ್ನು ಬಸ್ಸಿನ ಟಿಕೆಟ್ಟಿಗೆ ಇಡಿ. ಬೆಂಗಳೂರಿನ ಮಹಡಿಯ ಮೇಲಿನ ಬೆಲೆಬಾಳುವ ಉಪಕರಣಕ್ಕಿಂತ ದೀಪಗಳಿಲ್ಲದ ಹೊಲದ ಬದುವಿನಲ್ಲಿ ನಿಂತ ಹಳೆಯ ಕ್ಯಾಮೆರಾ ಹೆಚ್ಚು ಕಾಣುತ್ತದೆ. ಅಜ್ಜನ ಊರು ಎಂಬುದೊಂದು ಇನ್ನೂ ಉಳಿದಿರುವವರು ಭಾಗ್ಯವಂತರು. ಧನುರ್ಮಾಸದ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗಿ. ಕೃತ್ತಿಕೆ, ರೋಹಿಣಿ, ಮಹಾವ್ಯಾಧ ಮೂರೂ ಸಂಜೆಗೇ ಮೇಲೇರಿರುತ್ತವೆ. 50 ಮಿ.ಮೀ. ಲೆನ್ಸಿನಲ್ಲಿ ವ್ಯಾಧನ ನಡುಪಟ್ಟಿಯ ಕೆಳಗಿನ ನೀಹಾರಿಕೆ ನಸುಗೆಂಪಾಗಿ ಮೂಡುತ್ತದೆ. ರಾತ್ರಿ ಹುಡುಗನನ್ನು ಒಬ್ಬನೇ ಕಳುಹಿಸದೆ ನೀವೂ ಕಂಬಳಿ ಹೊದ್ದು ಜೊತೆಗೆ ಕುಳಿತಿರಿ.

ಒಂದು ಚಳಿಗಾಲ ಹೀಗೆ ಕಳೆದ ಮೇಲೂ ಅವನ ಆಸಕ್ತಿ ತಗ್ಗದಿದ್ದರೆ ದೂರದರ್ಶಕದ ಮಾತನ್ನು ಆಡೋಣ. ಆಗಲೂ ಕೊಳವೆಗಿಂತ ಅದನ್ನು ಹೊತ್ತು ತಿರುಗಿಸುವ ಪೀಠಕ್ಕೇ ಹೆಚ್ಚು ಹಣ ತೆಗೆದಿಡಬೇಕಾಗುತ್ತದೆ.